ನಾ ಹೇಳೋದು ಇಷ್ಟ

ಹಿಂದಿನ ಸೀಟಿನವನು ಮೂರನೆಯ ಸಲ ‘ಎಲ್ಲಾ ಅವನ ಆಟ, ನಮ್ಮ ಕೈಯಾಗ ಏನೈತಿ’ ಎಂದಾಗ ಗಾದಿಲಿಂಗಪ್ಪ ಮನಸ್ಸಿನಲ್ಲೇ ಪೆನ್ಸಿಲು ತೆಗೆದು ಆ ಮಾತಿನ ಮೇಲೆ ಗೆರೆ ಎಳೆದ. ಎಳೆದ ಮೇಲೂ ಅದು ಅಲ್ಲೇ ಇತ್ತು. ಬಳ್ಳಾರಿಯಿಂದ ಕುರುಗೋಡಿಗೆ ಹೋಗುವ ಬಸ್ಸು ನಿಂತಲ್ಲೇ ನಿಂತಿತ್ತು. ಡ್ರೈವರು ಮುಂದಿನ ಮುಚ್ಚಳ ಎತ್ತಿ ಡಬ್ಬಿಯಿಂದ ನೀರು ಹೊಯ್ಯುತ್ತ ‘ಹತ್ತ ನಿಮಿಷ, ಹತ್ತ ನಿಮಿಷ’ ಎಂದು ಅರ್ಧ ಗಂಟೆಯಿಂದ ಹೇಳುತ್ತಿದ್ದ. ಎಂಟು ಗಂಟೆಗೇ ಬಿಸಿಲು ಚುರುಕಾಗಿತ್ತು. ತೊಡೆಯ ಮೇಲಿನ ಬುತ್ತಿಯ ಗಂಟು ಬೆಚ್ಚಗೆ ತಾಗುತ್ತಿತ್ತು. ಹೆಂಡತಿ ವಿರೂಪಮ್ಮ ನಸುಕಿಗೇ ಎದ್ದು ರೊಟ್ಟಿ ತಟ್ಟಿ, ಪುಂಡಿಪಲ್ಯ ಮಾಡಿ, ಮೊಸರನ್ನ ಕಲಸಿ ಕಟ್ಟಿಕೊಟ್ಟಿದ್ದಳು. ಗಂಡ ಸತ್ತವಳಿಗೆ ತವರಿನಿಂದ ಬುತ್ತಿ ಬರಬೇಕು, ತವರಿನವರೇ ಎಬ್ಬಿಸಿ ಉಣ್ಣಿಸಬೇಕು. ತವರು ಎಂದರೆ ಈಗ ಇವನೊಬ್ಬನೇ. ವಿರೂಪಮ್ಮ ಏಳು ತಿಂಗಳ ಬಸುರಿ, ಸಾವಿನ ಮನೆಗೆ ಹೋಗುವಂತಿಲ್ಲ. ಬಾಗಿಲ ತನಕ ಬಂದು, ಅಕ್ಕನ ಜೊತೆ ನಾಲ್ಕು ಮಾತಾಡಿ, ಬಾಯಿಗೆ ಬೀಗ ಹಾಕಿಕೊಂಡು ಕೂರಬೇಡಿ ಎಂದು ಹೇಳಿದ್ದಳು. ಏನೆಂದು ಮಾತಾಡಲಿ ಎಂದು ಅವನು ಕೇಳಿದ್ದಕ್ಕೆ ಅವಳಿಗೆ ಆಶ್ಚರ್ಯವೇ ಆಗಿತ್ತು. ‘ಎಲ್ಲಾರು ಏನಂತಾರೋ ಅದನ್ನ ಅನ್ರಿ. ಅದಕ್ಕೇನು ಓದಬೇಕೇನು?’

ಎಲ್ಲರೂ ಅನ್ನುವುದನ್ನು ಅನ್ನುವುದು ಅವನಿಗೆ ಆಗದ ಕೆಲಸ. ಹದಿನಾಲ್ಕು ವರ್ಷದಿಂದ ವಕೀಲರೊಬ್ಬರ ಗುಮಾಸ್ತನಾಗಿ ಅವನು ಮಾಡಿದ್ದೇ ಜನರ ಮಾತನ್ನು ಕಡಿಯುವ ಕೆಲಸ. ಸಿರುಗುಪ್ಪ, ತೆಕ್ಕಲಕೋಟೆ, ಸಿರಿಗೇರಿ ಕಡೆಯ ಕಕ್ಷಿಗಾರರು ಬಂದು ಜಗಲಿಯ ಮೇಲೆ ಕೂತು, ಬದುವಿನ ಜಗಳವನ್ನು ಮುತ್ತಜ್ಜನ ಮದುವೆಯಿಂದ ಶುರು ಮಾಡುತ್ತಿದ್ದರು. ಅದೇನಪಾ ಅಂದ್ರ, ಇರೋ ಮಾತು ಹೇಳ್ತೀನಿ, ಸುಳ್ಳು ಹೇಳಿದ್ರ ನನ್ನ ನಾಲಿಗಿ ಸೇದಿ ಹೋಗ್ಲಿ, ನಿಮಗ ಗೊತ್ತಿಲ್ಲದ್ದೇನೈತಿ. ಇವನು ಪೆನ್ಸಿಲು ಹಿಡಿದು ಕೂತು ಅದನ್ನೆಲ್ಲ ಹೊಡೆದುಹಾಕಿ, ಒಂದು ಹೊತ್ತಿನ ಗೋಳನ್ನು ಅರ್ಧ ಹಾಳೆಗೆ ಇಳಿಸಿ ಒಳಗೆ ಕಳಿಸುತ್ತಿದ್ದ. ಗಾದಿಲಿಂಗಪ್ಪ ಜೋಳ ಕೇರಿದ ಹಾಗೆ ಕೇರುತ್ತಾನೆ ಎಂದು ವಕೀಲರು ನಾಲ್ಕು ಜನರ ಎದುರು ಹೊಗಳಿದ್ದರು. ಆ ಹೊಗಳಿಕೆ ಅವನ ತಲೆಗೆ ಏರಿತು ಎನ್ನಬೇಕು. ಮನೆಗೆ ಬಂದ ಮೇಲೂ ಮೊರ ಕೆಳಗಿಡದಾದ. ಮಾತು ಮಾತಿಗೂ ‘ಅಲ್ಲ ಅಂತೀನಿ’ ಎನ್ನುವ ಹೆಂಡತಿ, ‘ಇನ್ನ ಹೆಂಗ ಮತ್ತ’ ಎಂದೇ ಹಾಲು ಅಳೆಯುವ ಮುದುಕಿ, ಬಳ್ಳಾರಿ ಆಂಧ್ರಕ್ಕೆ ಹೋಗುತ್ತದೋ ಮೈಸೂರಿಗೆ ಹೋಗುತ್ತದೋ ಎಂಬ ಮಾತು ಎದ್ದರೆ ಸಾಕು, ‘ನೋಡೂನು ಏನಾಗ್ತೈತೋ’ ಎಂದು ತಾವೊಬ್ಬರೇ ಅದನ್ನು ಕಂಡುಹಿಡಿದ ಹಾಗೆ ಕಣ್ಣು ಕಿರಿದು ಮಾಡುವ ಬ್ರೂಸ್‌ಪೇಟೆಯ ಅಂಗಡಿಕಾರರು. ಯಾರ ಮಾತು ಕೇಳಿದರೂ ಅವನ ಹಲ್ಲು ತಾನಾಗಿ ಬಿಗಿಯುತ್ತಿತ್ತು. ಜನರಿಗೆ ಹೇಳುವುದಕ್ಕೆ ಏನೂ ಇಲ್ಲ, ಇಲ್ಲದ್ದನ್ನು ಮುಚ್ಚಿಕೊಳ್ಳಲು ಮಾತಾಡುತ್ತಾರೆ ಎಂದು ಅವನು ನಂಬಿದ್ದ. ನಂಬಿಕೆಯೂ ಅಲ್ಲ, ಅದೊಂದು ಹೆಮ್ಮೆ. ತನ್ನ ಬಾಯಿಂದ ಸವಕಲು ಮಾತು ಬರುವುದಿಲ್ಲ ಎಂಬ ಹೆಮ್ಮೆ. ಇವತ್ತು ತೊಡೆಯ ಮೇಲೆ ಬುತ್ತಿ ಇಟ್ಟುಕೊಂಡು ಕೂತವನಿಗೆ ಬಾಯಲ್ಲಿ ಯಾವ ಮಾತೂ ಇರಲಿಲ್ಲ.

ಸತ್ತವನು ಅವನ ಭಾವ, ಅಕ್ಕ ಹಂಪಮ್ಮನ ಗಂಡ ದೊಡ್ಡಬಸಪ್ಪ. ಸತ್ತು ಐದು ದಿನವಾಗಿತ್ತು. ಕುರುಗೋಡಿನಿಂದ ಸುದ್ದಿ ತಂದ ಮನುಷ್ಯ ಬಂದಾಗ ಗಾದಿಲಿಂಗಪ್ಪ ವಕೀಲರ ಜೊತೆ ಆದವಾನಿ ಕೋರ್ಟಿನಲ್ಲಿದ್ದ. ತಿರುಗಿ ಬರುವ ಹೊತ್ತಿಗೆ ಮಣ್ಣು ಮುಗಿದು ಮೂರು ದಿನ. ಮಣ್ಣಿಗೆ ಹೋಗಲಾಗಲಿಲ್ಲ ಎಂದು ತಿಳಿದಾಗ ಮೊದಲು ಆದದ್ದು ದುಃಖವಲ್ಲ, ಒಂದು ಬಗೆಯ ಹಗುರ. ಹಾಗೆ ಹಗುರವಾದದ್ದಕ್ಕೆ ಆಮೇಲೆ ನಾಚಿಕೆ. ಆದರೆ ವಿರೂಪಮ್ಮ ಸುದ್ದಿಯ ಉಳಿದರ್ಧವನ್ನೂ ಹೇಳಿದಳು. ಭಾವ ಕಡೆಯ ದಿನ ಹಂಪಮ್ಮನನ್ನು ಕರೆದು, ನಿನ್ನ ಬಗ್ಗೆ ಹೇಳಬೇಕಾದ್ದನ್ನೆಲ್ಲ ಅವತ್ತು ಬಳ್ಳಾರಿಗೆ ಹೋದಾಗಲೇ ಲಿಂಗಣ್ಣನ ಮುಂದೆ ಹೇಳಿದ್ದೇನೆ, ಅವನನ್ನು ಕೇಳು, ಎಂದಿದ್ದರಂತೆ. ಆಮೇಲೆ ಮಾತಾಡಲಿಲ್ಲವಂತೆ. ಅಕ್ಕ ಕೂಳು ನೀರು ಬಿಟ್ಟು ತಮ್ಮನ ದಾರಿ ನೋಡುತ್ತಿದ್ದಾಳಂತೆ. ‘ಏನ್ ಹೇಳಿದ್ರು ನಿಮ್ಮ ಮುಂದ?’ ಎಂದು ವಿರೂಪಮ್ಮ ಕೇಳಿದಾಗ ಅವನು ಬೆನ್ನು ತಿರುಗಿಸಿ ಅಂಗಿ ಬಿಚ್ಚುತ್ತ, ಏನೇನೋ ಹೇಳಿದರು, ಭಾವನ ಮಾತು ನಿನಗೆ ಗೊತ್ತಲ್ಲ, ಎಂದುಬಿಟ್ಟ. ಅವತ್ತು ಭಾವ ಏನೂ ಹೇಳಿರಲಿಲ್ಲ. ಹೇಳಲು ಬಂದಿದ್ದರು. ಇವನು ಹೇಳಗೊಡಲಿಲ್ಲ.

ಬಸ್ಸು ಹೊರಟಾಗ ಪಕ್ಕಕ್ಕೆ ಬಂದು ಕೂತವನ ಮೈಯಿಂದ ಹತ್ತಿಯ ಧೂಳಿನ ವಾಸನೆ ಬಂತು. ಕುರುಗೋಡಿನ ಪಿಂಜಾರ ಮಾಬುಸಾಬ್; ಹಾಸಿಗೆಯ ಹತ್ತಿ ಎಕ್ಕುವವನು. ಎಕ್ಕುವ ಬಿಲ್ಲನ್ನು ಬಸ್ಸಿನ ಮೇಲೆ ಹಾಕಿಸಿ ಬಂದಿದ್ದ. ಹಂಪಮ್ಮನವರ ತಮ್ಮ ಅಲ್ಲವೇನ್ರಿ ಎಂದು ಕೇಳಿ, ಹೌದೆನ್ನಿಸಿಕೊಂಡು, ಸ್ವಲ್ಪ ಹೊತ್ತು ತಲೆಯಾಡಿಸುತ್ತ ಕೂತ. ಇನ್ನು ಶುರುವಾಗುತ್ತದೆ ಎಂದುಕೊಂಡ ಗಾದಿಲಿಂಗಪ್ಪ. ಒಳ್ಳೆಯವರನ್ನೇ ದೇವರು ಬೇಗ ಕರೆದುಕೊಳ್ಳುತ್ತಾನೆ ಎನ್ನುತ್ತಾನೆ, ಆಮೇಲೆ ಇದ್ದಾಗ ಇದ್ದರು ಹೋದಾಗ ಹೋದರು ಎನ್ನುತ್ತಾನೆ. ಮಾಬುಸಾಬ್ ಎರಡನ್ನೂ ಅದೇ ಕ್ರಮದಲ್ಲಿ ಹೇಳಿದ. ತಾನು ಎಣಿಸಿದ್ದು ಸರಿಯಾಯಿತೆಂಬ ಸಣ್ಣ ಖುಷಿ ಒಳಗೆ ಕದಲಿತು. ಸಾವಿನ ಮನೆಗೆ ಹೋಗುವ ದಾರಿಯಲ್ಲೂ ಇಂಥ ಖುಷಿ ಹುಟ್ಟುವ ಮನಸ್ಸು ಎಂಥದ್ದು ಎಂದು ಅವನು ಕಿಟಕಿಯಾಚೆ ನೋಡಿದ. ಹತ್ತಿ ಬಿಡಿಸಿದ ಕರಿಯ ಹೊಲಗಳು ಖಾಲಿಯಾಗಿ ಹಿಂದೆ ಸರಿಯುತ್ತಿದ್ದವು.

ಭಾವನ ಮಾತು ಮಾತ್ರ ಎಲ್ಲರ ಮಾತಿನ ಹಾಗಿರಲಿಲ್ಲ, ಇನ್ನೂ ಕಷ್ಟದ್ದು. ಏನು ಹೇಳಬೇಕಾದರೂ ‘ನಾ ಹೇಳೋದು ಇಷ್ಟ ನೋಡು’ ಎಂದು ಶುರು ಮಾಡುವರು. ಇಷ್ಟು ಎಂದದ್ದು ಅರ್ಧ ಗಂಟೆಗೆ ಕಡಿಮೆ ಇರುತ್ತಿರಲಿಲ್ಲ. ಒಂದೊಂದು ವಾಕ್ಯ ಮುಗಿದ ಕೂಡಲೇ ‘ಹೌದಲ್ಲ?’ ಎಂದು ನಿಂತುಬಿಡುವರು. ಕೇಳುವವನು ‘ಹೂಂ’ ಎನ್ನಬೇಕು. ಅನ್ನದಿದ್ದರೆ ಮುಂದಿನ ವಾಕ್ಯ ಬರುವುದಿಲ್ಲ. ನಿಮಿಷವಾದರೂ ಸರಿ, ಕಣ್ಣು ಅರಳಿಸಿಕೊಂಡು, ನಗುಮುಖದಲ್ಲಿ ಕಾಯುವರು. ಮದುವೆಯಾದ ಹೊಸದರಲ್ಲಿ ಸಿರುಗುಪ್ಪದ ಮನೆಗೆ ಬಂದಾಗ ಅಪ್ಪ ಎಲೆ ಅಡಿಕೆ ಜಗಿಯುತ್ತ ಅಳಿಯನಿಗೆ ಹೂಂಗುಟ್ಟುತ್ತಿದ್ದ. ಅಡಿಗೆಮನೆಯಿಂದ ಅವ್ವ ಹೂಂಗುಟ್ಟುತ್ತಿದ್ದಳು. ಹಂಪಮ್ಮನಂತೂ ನಿದ್ದೆಗಣ್ಣಲ್ಲೂ ಅನ್ನುತ್ತಿದ್ದಳು. ಶಾಲೆ ಮುಗಿಸಿದ ಗಾದಿಲಿಂಗಪ್ಪನಿಗೆ ಇದನ್ನು ಕಂಡರೆ ಮೈ ಉರಿಯುತ್ತಿತ್ತು. ಅವನು ಬೇಕೆಂದೇ ಹೂಂ ಎನ್ನದೆ ಕೂತುಬಿಡುತ್ತಿದ್ದ. ಭಾವ ಇನ್ನೊಮ್ಮೆ ‘ಹೌದಲ್ಲ?’ ಎನ್ನುವರು. ಇವನು ಗೋಡೆಯ ಕಡೆ ನೋಡುವನು. ಮೂರನೆಯ ಸಲಕ್ಕೆ ಭಾವನ ಮುಖದ ನಗು ಎಲ್ಲಿ ಇಡಬೇಕೆಂದು ತಿಳಿಯದೆ ಅಲ್ಲೇ ಉಳಿಯುವುದು. ಆ ನಗುವನ್ನು ಅವನು ಎಷ್ಟೋ ಸಲ ನೋಡಿದ್ದ.

ಯುದ್ಧ ಮುಗಿದ ಮರುವರ್ಷ ಗಾದಿಲಿಂಗಪ್ಪನ ಮೊದಲ ಮಗಳನ್ನು ತೊಟ್ಟಿಲಿಗೆ ಹಾಕಿದ್ದು ಸಿರುಗುಪ್ಪದಲ್ಲೇ. ಊಟವಾಗಿ ಹೆಣ್ಣುಮಕ್ಕಳು ಗಂಡುಮಕ್ಕಳು ಅಂಗಳದಲ್ಲಿ ಕೂತಿದ್ದರು. ಯಾರೋ ಕೆಣಕಿದರು, ಕೆಣಕುವುದೂ ಬೇಕಿರಲಿಲ್ಲ. ಅವನು ಶಲ್ಯವನ್ನು ಭಾವನ ಹಾಗೆ ಎಡಗಡೆಗೆ ಇಳಿಬಿಟ್ಟು, ಹೊಟ್ಟೆ ಒಂದಿಷ್ಟು ಮುಂದೆ ಮಾಡಿ, ‘ನಾ ಹೇಳೋದು ಇಷ್ಟ ನೋಡು. ಸೂರ್ಯ ಹುಟ್ಟೋದು ಮೂಡಲಕ್ಕ, ಹೌದಲ್ಲ?’ ಎಂದು ಕಣ್ಣರಳಿಸಿ ಕಾದ. ಅಂಗಳ ಬಿದ್ದು ಬಿದ್ದು ನಕ್ಕಿತು. ‘ಮುಳುಗೋದು ಪಡುವಲಕ್ಕ, ಹೌದಲ್ಲ?’ ಎಂದ. ಜನ ನಗುತ್ತಲೇ ಹೂಂ ಎಂದು ಕೂಗಿದರು. ತಮ್ಮನ ಮಗಳ ತೊಟ್ಟಿಲು ತೂಗುತ್ತಿದ್ದ ಹಂಪಮ್ಮ ಮಾತ್ರ ಬಾಗಿಲ ಕಡೆ ನೋಡುತ್ತಿದ್ದಳು. ಕೈ ತೊಳೆದ ತಂಬಿಗೆ ಹಿಡಿದುಕೊಂಡು ಭಾವ ಅಲ್ಲಿ ನಿಂತಿದ್ದರು. ನಿಂತವರು ಎಲ್ಲರಿಗಿಂತ ಜೋರಾಗಿ ನಕ್ಕರು. ಭಲೇ ಲಿಂಗಣ್ಣ, ನನಗಿಂತ ನೀನೇ ಚೆನ್ನಾಗಿ ನಾನಾಗ್ತೀ ಎಂದು ಬೆನ್ನು ತಟ್ಟಿದರು. ಅದಾದ ಮೇಲೆ ಅವರು ಎಲ್ಲರ ಮುಂದೆ ಮೊದಲಿನಂತೆಯೇ ಮಾತಾಡುತ್ತಿದ್ದರಂತೆ. ಗಾದಿಲಿಂಗಪ್ಪನ ಮುಂದೆ ಮಾತ್ರ ‘ನಾ ಹೇ’ ಎಂದು ಶುರು ಮಾಡಿ, ತಡೆದುಕೊಂಡು, ಗಂಟಲು ಸರಿ ಮಾಡಿಕೊಂಡು ಸುಮ್ಮನಾಗುವರು. ಆ ಅರ್ಧ ಮಾತು ಇಡೀ ಮಾತಿಗಿಂತ ಹೆಚ್ಚು ಕೆರಳಿಸುತ್ತಿತ್ತು. ತನ್ನನ್ನು ನೋಡಿ ಒಬ್ಬ ದೊಡ್ಡ ಮನುಷ್ಯ ಮಾತು ನುಂಗುತ್ತಾನೆ ಎಂದು ಅವನಿಗೆ ತಿಳಿದಿತ್ತು. ತಿಳಿದೂ ತಿಳಿಯದವನಂತೆ ಇರುವುದು ಕಷ್ಟವೇನಾಗಿರಲಿಲ್ಲ.

ಕೋಳೂರು ದಾಟಿದ ಮೇಲೆ ಮಾಬುಸಾಬ್ ತಾನಾಗಿ ಹೇಳತೊಡಗಿದ. ಅವನಿಗೂ ಅವನ ಅಣ್ಣನಿಗೂ ನಡುಗೋಡೆಯ ಜಗಳ, ಮೂರು ವರ್ಷದ್ದು. ಬಳ್ಳಾರಿಗೆ ಹೋಗಿ ವಕೀಲರನ್ನು ನೋಡುವುದೆಂದು ಇಬ್ಬರೂ ಬೇರೆ ಬೇರೆ ಹೊರಟಿದ್ದರಂತೆ. ದೊಡ್ಡಬಸಪ್ಪ ಇಬ್ಬರನ್ನೂ ಕಟ್ಟೆಯ ಮೇಲೆ ಕೂರಿಸಿಕೊಂಡರು. ‘ನಾ ಹೇಳೋದು ಇಷ್ಟ ಅಂದ್ರು ನೋಡ್ರಿ. ನಿಮ್ಮಪ್ಪ ಒಳ್ಳೇ ಮನುಷ್ಯ, ಹೌದಲ್ಲ ಅಂದ್ರು. ಹೌದ್ರಿ ಅಂದ್ವಿ. ಇಬ್ರಿಗೂ ಒಂದ ಗಂಗಾಳದಾಗ ಉಣ್ಣಾಕ ಹಾಕ್ತಿದ್ದ, ಹೌದಲ್ಲ ಅಂದ್ರು. ಹೌದ್ರಿ. ಹಿಂಗ ಹೌದು ಹೌದು ಅನಕೋತ ಹ್ವಾದ್ವಿ. ಗೋಡಿ ಮಾತು ಬರೋದ್ರಾಗ ನಮಗ ಅಲ್ಲ ಅನ್ನಾಕ ಬಾಯಿನ ಬರಲಿಲ್ಲ.’ ಅವತ್ತು ಸಂಜೆಯೇ ಅಣ್ಣನ ಮನೆಯಲ್ಲಿ ಉಂಡನಂತೆ. ಕುರುಗೋಡಿನ ಸುತ್ತ ಇಂಥವು ಎಷ್ಟು ಆಗಿವೆಯೋ ಲೆಕ್ಕವಿಲ್ಲ ಎಂದ. ಗಾದಿಲಿಂಗಪ್ಪ ತನಗೇ ಗೊತ್ತಿಲ್ಲದೆ ಹೂಂ ಎನ್ನುತ್ತಿದ್ದ. ಈ ಜಗಳ ತನ್ನ ಜಗಲಿಗೆ ಬಂದಿದ್ದರೆ ಅಪ್ಪ, ಗಂಗಾಳ, ಒಟ್ಟಿಗೆ ಉಂಡದ್ದು, ಎಲ್ಲ ಗೆರೆಯ ಕೆಳಗೆ ಹೋಗಿ, ಗೋಡೆಯ ಉದ್ದ ಅಗಲ ಮಾತ್ರ ಉಳಿಯುತ್ತಿತ್ತು ಎಂದು ಅವನಿಗೆ ಹೊಳೆಯಿತು. ಭಾವ ಕಾಯುತ್ತಿದ್ದದ್ದು ಹೂಂ ಎಂಬ ಸದ್ದಿಗಲ್ಲ. ಎದುರಿನವನೂ ಜೊತೆಗೆ ಬರುತ್ತಿದ್ದಾನೆಯೇ ಎಂದು ನಿಂತು ನೋಡುತ್ತಿದ್ದರು. ಅದೇ ಹೊತ್ತಿಗೆ ಮಾಬುಸಾಬ್ ‘ನೋಡ್ರಿ’ ಎನ್ನುವುದನ್ನು ಎಷ್ಟು ಸಲ ಹೇಳುತ್ತಾನೆ ಎಂದು ಒಳಗೊಂದು ಕಿವಿ ಗಮನಿಸುತ್ತಲೇ ಇತ್ತು. ಅದನ್ನು ಸುಮ್ಮನಾಗಿಸುವುದು ಅವನ ಕೈಯಲ್ಲಿರಲಿಲ್ಲ.

ಭಾವ ಬಳ್ಳಾರಿಗೆ ಬಂದದ್ದು ದಸರೆ ಕಳೆದ ವಾರ. ಹನ್ನೊಂದಕ್ಕೆ ಕೋರ್ಟಿಗೆ ಹೋಗಬೇಕಾದ ಕಾಗದ ಇನ್ನೂ ಇವನ ಕೈಯಲ್ಲಿತ್ತು. ಭಾವ ಜಗಲಿ ಹತ್ತಿ ಬಂದು ಬೆಂಚಿನ ತುದಿಗೆ ಕೂತರು. ಸೊರಗಿದ್ದರು ಎಂದು ಈಗ ಅನ್ನಿಸುತ್ತದೆ, ಆಗ ನೋಡಿರಲಿಲ್ಲ. ಶಲ್ಯದ ಒಳಗೆ ಒಂದು ಕೈ ಹೊಟ್ಟೆಯ ಮೇಲಿತ್ತು. ಅಕ್ಕ ಹೇಗಿದ್ದಾಳೆ ಎಂದು ಇವನು ತಲೆ ಎತ್ತದೆ ಕೇಳಿದ. ಅದಾಳ, ಅವಳ ಸಲುವಾಗೇ ಬಂದೆ ಎಂದರು. ಆಮೇಲೆ, ಬೇರೆ ಯಾವ ದಾರಿಯೂ ಕಾಣದವರ ಹಾಗೆ, ‘ನಾ ಹೇಳೋದು ಇಷ್ಟ ನೋಡು ಲಿಂಗಣ್ಣಾ’ ಎಂದರು. ಏಳು ವರ್ಷದ ಮೇಲೆ ಇವನ ಮುಂದೆ ಆ ಮಾತು ಪೂರ್ತಿ ಬಂದಿತ್ತು. ಅಷ್ಟು ಅವಸರದ ಮಾತು ಒಳಗಿದ್ದರೇ ಅದು ಹಾಗೆ ಬಂದೀತು. ಅದೂ ಈಗ ಅನ್ನಿಸುತ್ತದೆ. ಪಕ್ಕದಲ್ಲಿ ಕೂತಿದ್ದ ಇಬ್ಬರು ಕಕ್ಷಿಗಾರರ ಮುಂದೆ, ಅವರಿಗೂ ಕೇಳಲಿ ಎಂಬ ಹಾಗೆ, ಗಾದಿಲಿಂಗಪ್ಪ ಪೆನ್ಸಿಲನ್ನು ಹಾಳೆಯ ಮೇಲೆ ಕುಟ್ಟಿ, ‘ವಿಷಯಕ್ಕ ಬರ್ರಿ ಭಾವ. ಹನ್ನೊಂದಕ್ಕ ಕೋರ್ಟೈತಿ’ ಎಂದ. ಕಕ್ಷಿಗಾರರು ಮೀಸೆಯಲ್ಲಿ ನಕ್ಕರು. ಭಾವ ವಿಷಯವನ್ನು ಹುಡುಕಿದರು. ಬಾಯಿ ಎರಡು ಸಲ ತೆರೆದು ಮುಚ್ಚಿತು. ಹೊಟ್ಟೆಯ ಮೇಲಿನ ಕೈ ನೋಡಿ, ಉಂಡಿಲ್ಲವೇನೋ, ಬ್ರೂಸ್‌ಪೇಟೆಯ ಹೋಟೆಲಿನಲ್ಲಿ ನನ್ನ ಹೆಸರು ಹೇಳಿ ಉಂಡು ಬನ್ನಿ, ಸಂಜೆ ಮಾತಾಡೋಣ ಎಂದ ಇವನು. ಭಾವ ಎದ್ದರು. ‘ಆತು ಬಿಡು. ನಿನ್ನ ಕೆಲಸ ಕೆಡಿಸಿದೆ’ ಎಂದರು. ಸಂಜೆ ಬರಲಿಲ್ಲ. ಬರಲಿಲ್ಲವಲ್ಲ ಎಂದು ಇವನು ಹುಡುಕಲೂ ಇಲ್ಲ. ಎರಡೇ ನಿಮಿಷದಲ್ಲಿ ಭಾವನ ಮಾತು ಮುಗಿಸಿದ ಸಂಗತಿಯನ್ನು ರಾತ್ರಿ ವಕೀಲರಿಗೆ ನಗೆಮಾತಾಗಿ ಹೇಳಿದ್ದ. ಹೇಳುವಾಗ ಭಾವನ ಧ್ವನಿಯನ್ನೂ ತೆಗೆದಿದ್ದ.

ಬಸ್ಸಿಳಿದು ಮನೆಯ ತನಕ ನಡೆಯುವಾಗ ಅವನು ಮಾತು ಕಟ್ಟಿಕೊಳ್ಳಲು ನೋಡಿದ. ನಿಜ ಹೇಳಿಬಿಡುವುದು ಒಂದು ದಾರಿ. ಅಕ್ಕಾ, ಅವರು ಹೇಳಲಿಲ್ಲ, ನಾನು ಹೇಳಗೊಡಲಿಲ್ಲ. ಚಿಕ್ಕ ಮಾತು, ಅರ್ಧ ಗೆರೆ ಸಾಕು, ವಕೀಲರು ಮೆಚ್ಚುವಂಥದ್ದು. ಆದರೆ ಗಂಡನ ಕಡೆಯ ಮಾತೊಂದು ತಮ್ಮನ ಹತ್ತಿರ ಉಳಿದಿದೆ ಎಂದು ನಂಬಿ ಐದು ದಿನ ಕೂತವಳಿಗೆ ಅದನ್ನು ಹೇಗೆ ಕೊಡುವುದು? ಸುಳ್ಳು ಕಟ್ಟುವುದು ಇನ್ನೊಂದು ದಾರಿ. ಅದಕ್ಕೆ ಭಾವ ಏನು ಹೇಳುತ್ತಿದ್ದರು ಎಂಬುದಾದರೂ ಗೊತ್ತಿರಬೇಕು. ಕುರುಗೋಡಿನ ಗುಡ್ಡದ ಬಂಡೆಗಳು ಮನೆಗಳ ಬೆನ್ನಿಗೇ ಬಂದು ನಿಂತಿದ್ದವು. ಓಣಿಯ ಜನ ಎದ್ದು ನಿಂತು ದಾರಿ ಬಿಟ್ಟರು. ತವರಿನವರು ಬಂದರು, ತಮ್ಮ ಬಂದ ಎಂದು ಒಬ್ಬರಿಂದೊಬ್ಬರಿಗೆ ಮಾತು ಮುಂದೆ ಓಡಿ ಅವನಿಗಿಂತ ಮೊದಲೇ ಮನೆ ಸೇರಿತು.

ಪಡಸಾಲೆಯಲ್ಲಿ ಓಣಿಯ ಹೆಂಗಸರು ಏಳೆಂಟು ಮಂದಿ ಕೂತಿದ್ದರು. ಕಂಬಕ್ಕೆ ಒರಗಿ ಭಾವನ ತಾಯಿ ಸತ್ಯಮ್ಮ. ಎರಡೂ ಕಣ್ಣು ಹೋಗಿ ಎಷ್ಟೋ ವರ್ಷವಾಗಿತ್ತು. ಅವಳ ಪಕ್ಕದಲ್ಲಿ ಹಂಪಮ್ಮ. ಕುಂಕುಮವಿಲ್ಲದ ಹಣೆ ಅಗಲವಾಗಿ ಕಂಡಿತು. ತಮ್ಮನನ್ನು ಕಂಡು ಅವಳು ಅಳಲಿಲ್ಲ. ಕೈ ಹಿಡಿದು ಎದುರಿಗೆ ಕೂರಿಸಿಕೊಂಡಳು. ಹೆಂಗಸರಲ್ಲಿ ಒಬ್ಬಳು, ಏನ್ ಮಾಡಾಕ ಬರ್ತೈತಿ ಯವ್ವಾ, ಪಡೆದು ಬಂದದ್ದು ಎಂದಳು. ಇನ್ನೊಬ್ಬಳು, ಅವನು ಕೊಟ್ಟಿದ್ದ ಅವನೇ ಒಯ್ದ ಎಂದಳು. ಮತ್ತೆ ಮೊದಲಿನವಳು ಏನೋ ಅಂದಳು. ಒಂದು ಮಾತು ಬಿದ್ದೊಡನೆ ಹಂಪಮ್ಮ ಹೌದವ್ವಾ ಎನ್ನುವಳು, ಉಸಿರು ಬಿಡುವಳು, ಸೆರಗಿನಿಂದ ಮೂಗು ಒರೆಸಿಕೊಳ್ಳುವಳು. ಇನ್ನೊಂದು ಮಾತು ಬರುವುದು. ಅವನು ವರ್ಷಗಟ್ಟಲೆ ಗೆರೆ ಎಳೆದ ಮಾತುಗಳೇ ಎಲ್ಲ. ಯಾರೂ ಅವುಗಳ ಅರ್ಥಕ್ಕೆ ಕಿವಿಗೊಟ್ಟಿರಲಿಲ್ಲ. ಅವನ್ನು ಹಿಡಿದುಕೊಂಡು ಅಕ್ಕ ಒಂದೊಂದು ಉಸಿರು ದಾಟುತ್ತಿದ್ದಳು. ತಾನೂ ಒಂದು ಅನ್ನಬೇಕೆಂದು ಗಾದಿಲಿಂಗಪ್ಪ ಬಾಯಿ ತೆರೆದ. ಅವನ ಬಾಯಿಗೆ ಆ ಮಾತುಗಳ ಅಭ್ಯಾಸ ತಪ್ಪಿತ್ತು. ಬುತ್ತಿ ಬಿಚ್ಚಿ ಮುಂದಿಟ್ಟು, ‘ಉಣ್ಣಕ್ಕಾ’ ಎಂದಷ್ಟೇ ಹೇಳಿದ. ಅದೂ ಗುಮಾಸ್ತನ ಧ್ವನಿಯಲ್ಲಿ ಬಂತು.

ಉಣ್ತೀನಿ, ಮೊದಲು ಹೇಳು ಎಂದಳು ಹಂಪಮ್ಮ. ಅವಳ ಧ್ವನಿಯಲ್ಲಿ ದೂರು ಇರಲಿಲ್ಲ. ದಸರೆಯಾದ ಮೇಲೆ ಹೊಟ್ಟೆನೋವು ಜೋರಾದದ್ದು, ಬಳ್ಳಾರಿಯ ದೊಡ್ಡ ದವಾಖಾನೆಗೆ ಒಬ್ಬರೇ ಹೋಗಲು ಅಂಜಿ, ಲಿಂಗಣ್ಣನನ್ನು ಜೊತೆಗೆ ಕರೆದುಕೊಳ್ಳುತ್ತೇನೆಂದು ಹೊರಟದ್ದು, ತಿರುಗಿ ಬಂದು ಎಲ್ಲ ಹೇಳಿ ಬಂದಿದ್ದೇನೆ, ಅವನು ಡಾಕ್ಟರನ್ನು ಕೇಳಿ ಹೇಳಿಕಳಿಸುತ್ತಾನೆ ಎಂದದ್ದು, ಎಲ್ಲವನ್ನೂ ನಿಧಾನವಾಗಿ ಹೇಳಿದಳು. ದೀಪಾವಳಿಯ ತನಕ ದಾರಿ ನೋಡಿದರಂತೆ. ಆಮೇಲೆ ಅವಳೇ ಹೋಗಿ ಕೇಳುತ್ತೇನೆಂದರೆ, ಬೇಡ, ಅವನಿಗೆ ಕೋರ್ಟಿನ ಕೆಲಸ ಇರುತ್ತದೆ ಎಂದು ತಡೆದರಂತೆ. ಗಾದಿಲಿಂಗಪ್ಪ ನೆಲ ನೋಡುತ್ತಿದ್ದ. ಸಗಣಿ ಸಾರಿಸಿದ ನೆಲದಲ್ಲಿ ಬೆರಳುಗಳ ಗುರುತು ಸಾಲಾಗಿ ಒಣಗಿದ್ದವು. ಅವರು ತನ್ನ ಮಾನ ಕಾಯ್ದಿದ್ದರು. ಹೊಟ್ಟೆ ಹಿಡಿದುಕೊಂಡು ಮೂರು ತಿಂಗಳು, ಹೆಂಡತಿಯ ಮುಂದೆ ಹೆಂಡತಿಯ ತಮ್ಮನ ಮಾನವನ್ನು ಕಾಯ್ದಿದ್ದರು. ಇದನ್ನು ಕೇಳಿದ ಮೇಲೆ ನಿಜ ಹೇಳುವುದು ಇನ್ನೂ ಸುಲಭವಾಗಬೇಕಿತ್ತು. ಆಗಲಿಲ್ಲ.

‘ಅದಿರ್ಲಿ ಬಿಡು, ಆಯುಷ್ಯ ಅಷ್ಟ ಇತ್ತು,’ ಎಂದಳು ಹಂಪಮ್ಮ. ‘ನಾ ಕೇಳೋದು ಬ್ಯಾರೆ. ನನ್ನ ಬಗ್ಗೆ ನಿನ್ನ ಮುಂದ ಹೇಳೀನಿ ಅಂದ್ರು. ಹದಿನಾರು ವರ್ಷ ಊರ ಮಂದಿಗೆಲ್ಲ ಮಾತಾಡಿದ್ರು, ನನಗಂತ ಒಂದು ಮಾತು ಆಡ್ಲಿಲ್ಲ. ನಾನೂ ಕೇಳ್ಲಿಲ್ಲ. ಹೂಂ ಅನ್ನೋದ್ರಾಗ ನಂದೂ ಮುಗೀತು. ಏನಂದ್ರು ಹೇಳು.’ ಆಮೇಲೆ ಅವಳೇ ಹತ್ತಿರ ಜರುಗಿ, ದನಿ ಇಳಿಸಿ, ಅವನಿಗೆ ಅನುಕೂಲವಾಗಲಿ ಎಂಬಂತೆ ಹೇಳಿದಳು: ‘ಅವ್ರು ಹೆಂಗ ಅಂದ್ರೋ ಹಂಗ ಹೇಳು. ಅವ್ರ ಧ್ವನಿ ನಿನಗ ಬರ್ತೈತಲ್ಲ. ಒಂದು ಸಲ ಕೇಳ್ತೀನಿ. ಅತ್ತಿನೂ ಕೇಳ್ತಾಳ.’

ಇದನ್ನು ಅವನು ಎಣಿಸಿರಲಿಲ್ಲ. ಬೈಗುಳ ಎಣಿಸಿದ್ದ, ಅಳು ಎಣಿಸಿದ್ದ. ಏಳು ವರ್ಷದಿಂದ ಅವಳು ಆ ತೊಟ್ಟಿಲ ದಿನವನ್ನು ಮನಸ್ಸಿನಲ್ಲಿಟ್ಟುಕೊಂಡಿರಬಹುದೆಂದು ಹೆದರಿದ್ದ, ಇಟ್ಟುಕೊಂಡೇ ಇದ್ದಳು. ಈಗ ಅದನ್ನೇ ಬೇಡುತ್ತಿದ್ದಳು. ಇಲ್ಲವೆನ್ನಲು ಬಾಯಿ ತೆರೆದವನ ಗಂಟಲಿನಿಂದ, ಅವನ ಅಪ್ಪಣೆಗೂ ಕಾಯದೆ, ಸ್ವಲ್ಪ ಮೂಗಿನಲ್ಲಿ ಹಾಯ್ದು, ‘ನೋಡು’ವಿನ ಹತ್ತಿರ ಎಳೆದು ನಿಲ್ಲುವ ಆ ಧ್ವನಿ ಬಂದೇ ಬಂತು.

‘ನಾ ಹೇಳೋದು ಇಷ್ಟ ನೋಡು ಲಿಂಗಣ್ಣಾ.’

ಕಂಬಕ್ಕೆ ಒರಗಿದ್ದ ಸತ್ಯಮ್ಮ ಬೆನ್ನು ನೆಟ್ಟಗೆ ಮಾಡಿದಳು. ಒಬ್ಬ ಹೆಂಗಸು ಬಾಯಿಗೆ ಸೆರಗು ಒತ್ತಿಕೊಂಡಳು. ಸರಿಯಾಗಿ ಬಂತು, ಇಷ್ಟು ಸರಿಯಾಗಿ ಎಂದೂ ಬಂದಿರಲಿಲ್ಲ ಎಂದು ಗಾದಿಲಿಂಗಪ್ಪನ ಒಳಗೆ ಏನೋ ಒಂದು ಹಿಗ್ಗಿತು. ಆ ಹಿಗ್ಗು ಇದ್ದದ್ದು ನಿಜ. ಅದನ್ನು ಅವನು ಮುಂದೆ ಯಾರಿಗೂ ಹೇಳಲಾರ. ಅದರ ಬಲದಲ್ಲೇ ಇನ್ನೊಂದು ಹೆಜ್ಜೆ ಹೋದ. ‘ನಮ್ಮ ಹಂಪಿ ಅದಾಳಲ್ಲ, ಹೌದಲ್ಲ?’

‘ಹೂಂ,’ ಎಂದಳು ಸತ್ಯಮ್ಮ.

ಮುಂದೆ ಏನೂ ಇರಲಿಲ್ಲ. ಹದಿನಾರು ವರ್ಷ ಅವನು ಭಾವನ ಮಾತಿನ ತಲೆ ಕೇಳಿದ್ದ, ಬಾಲ ಕೇಳಿದ್ದ. ನಡುವಿನದನ್ನು ಒಮ್ಮೆಯೂ ಕೇಳಿರಲಿಲ್ಲ. ಸೂರ್ಯ ಮೂಡಲಕ್ಕೆ ಹುಟ್ಟುತ್ತಾನೆ ಎಂಬಂಥ ಮಾತು ಭಾವ ಒಂದು ದಿನವೂ ಆಡಿರಲಿಲ್ಲ, ಅದು ತಾನು ಕಟ್ಟಿದ್ದು. ಅವರು ಏನು ಆಡುತ್ತಿದ್ದರು? ಮಾಬುಸಾಬನಿಗೆ ಗೊತ್ತಿತ್ತು. ಈ ಪಡಸಾಲೆಯ ಹೆಂಗಸರಿಗೆಲ್ಲ ಗೊತ್ತಿರಬಹುದು. ಏನಾದರೂ ಒಂದು ತುಂಬಿಬಿಡೋಣವೆಂದರೆ, ಒಳ್ಳೆಯವಳು, ಮನೆ ಬೆಳಗಿದವಳು, ಹುಟ್ಟಿದ ಮನೆಗೂ ಮೆಟ್ಟಿದ ಮನೆಗೂ ಹೆಸರು ತಂದವಳು ಎಂದು ಎಲ್ಲರ ಮಾತುಗಳು ಸಾಲುಗಟ್ಟಿ ಬಂದವು. ಅವನ್ನು ಆ ಧ್ವನಿಯಲ್ಲಿ ಹೇಳಿದರೆ ಅಕ್ಕ ಸಾಯುವ ತನಕ ಜೋಪಾನ ಮಾಡುತ್ತಾಳೆ ಎಂದು ಅವನಿಗೆ ಗೊತ್ತಿತ್ತು. ಅದಕ್ಕೇ ಹೇಳಲಾಗಲಿಲ್ಲ.

‘ಹೂಂ, ಹೇಳಪಾ,’ ಎಂದಳು ಸತ್ಯಮ್ಮ. ಮಗನಿಗೆ ಹೂಂ ಕೇಳಿಸಲಿಲ್ಲವೇನೋ ಎಂದು ಮುಖವನ್ನು ಅವನ ಕಡೆಗೆ ತಿರುಗಿಸಿ, ಇನ್ನೂ ಸ್ವಲ್ಪ ಗಟ್ಟಿಯಾಗಿ ಮತ್ತೊಮ್ಮೆ ‘ಹೂಂ’ ಎಂದಳು.

ಅವನು ತಲೆ ಎತ್ತಿದಾಗ ಹಂಪಮ್ಮ ಅವನನ್ನೇ ನೋಡುತ್ತಿದ್ದಳು. ಕೇಳುವ ನೋಟ ಆಗಲೇ ಹೋಗಿತ್ತು. ಅವಳಿಗೆ ತಿಳಿಯಿತು ಎಂದು ಅವನಿಗೆ ತಿಳಿಯಿತು: ಏನೂ ಹೇಳಿಲ್ಲವೆಂದು, ಯಾಕೆ ಹೇಳಿಲ್ಲವೆಂದು, ದೀಪಾವಳಿಯ ತನಕ ನೋಡಿದ ದಾರಿಯಲ್ಲಿ ಯಾರೂ ಇರಲಿಲ್ಲವೆಂದು. ಬೈಯಲಿ ಎಂದು ಅವನು ಕಾದ. ಇಷ್ಟು ಜನರ ಮುಂದೆ ಎದ್ದು ಬೈದರೆ, ಹೊರಗೆ ಹಾಕಿದರೆ ಬದುಕಿಕೊಳ್ಳುತ್ತೇನೆ ಎಂದುಕೊಂಡ. ಅವಳು ಬುತ್ತಿಯ ಬಟ್ಟೆಯನ್ನು ಸರಿ ಮಾಡಿ, ರೊಟ್ಟಿಯ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಳು. ಅದನ್ನು ಅಗಿದು ನುಂಗಿದಳು. ಆಮೇಲೆ ಅತ್ತೆಯ ಕಡೆ ತಿರುಗಿದಳು.

‘ಅವ್ಗ ದುಃಖ ಉಕ್ಕಿ ಬಂದೈತಿ ಅತ್ತಿ, ಮಾತು ಹೊರಡವಲ್ದು. ಸುಮ್ನ ಬಿಡು, ಆಮ್ಯಾಲ ನನ್ನ ಮುಂದ ಹೇಳ್ತಾನ.’

‘ಪಾಪ,’ ಎಂದಳು ಸತ್ಯಮ್ಮ. ‘ಭಾವ ಅಂದ್ರ ಜೀವ ಇತ್ತು ಅವ್ಗ.’ ಹೌದು ಹೌದು ಎಂದು ಹೆಂಗಸರೆಲ್ಲ ಹೂಂಗುಟ್ಟಿದರು. ತಮ್ಮ ಅಂದರೆ ಹೀಗಿರಬೇಕು ಎಂದಳು ಒಬ್ಬಳು. ಹಂಪಮ್ಮ ಎದ್ದು ಒಳಗೆ ಹೋಗಿ ಒಂದು ಚರಿಗೆ ನೀರು ತಂದು, ಅವನ ಮುಖ ನೋಡದೆ ಮುಂದೆ ಇಟ್ಟಳು. ಎಲ್ಲರೂ ಅವನನ್ನು ನೋಡುತ್ತಿದ್ದರು. ಅವನು ಚರಿಗೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ದುಃಖ ಉಕ್ಕಿ ಬಂದವನು ಕುಡಿಯುವ ಹಾಗೆ, ನಡುನಡುವೆ ನಿಲ್ಲಿಸಿ, ನಿಧಾನವಾಗಿ ಕುಡಿದ.